ರೈ, ಬರ್ಬನ್ ಮತ್ತು ಲೇಬಲ್ಲಿನ ಮೇಲಿಲ್ಲದ ಹೆಸರುಗಳು

ಅಮೆರಿಕದ ಮದ್ಯದಂಗಡಿಗಳಲ್ಲಿ ಅಗ್ಗದ ಸಾಲಿನಲ್ಲಿ ನಿಲ್ಲುವ ಒಂದು ಬಾಟಲಿ ಇದೆ. ಹೆಸರು ಓಲ್ಡ್ ಓವರ್‌ಹೋಲ್ಟ್, ಬೆಲೆ 20 ಡಾಲರ್ ಆಸುಪಾಸು. ಲೇಬಲ್ಲಿನ ಮೇಲೆ ಒಬ್ಬ ಮುದುಕನ ಮುಖ. ತುಟಿ ಬಿಗಿದುಕೊಂಡು, ಸಾಲ ಕೇಳಲು ಬಂದವನನ್ನು ದಿಟ್ಟಿಸುವ ಹಾಗೆ ನೋಡುತ್ತಾನೆ. ಅವನು ಅಬ್ರಹಾಂ ಓವರ್‌ಹೋಲ್ಟ್. ಪೆನ್ಸಿಲ್ವೇನಿಯಾದ ಪಶ್ಚಿಮ ಭಾಗದಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಮೆನೊನೈಟ್ ಕುಟುಂಬದವನು, ಕಸುಬಿನಲ್ಲಿ ನೇಕಾರ. 1810ರಲ್ಲಿ ಮನೆಯ ಹೊಲದಲ್ಲಿದ್ದ ಭಟ್ಟಿಯನ್ನು ಕೈಗೆತ್ತಿಕೊಂಡ. ಇವತ್ತು ಅವನ ಹೆಸರಿನ ವಿಸ್ಕಿ ಪೆನ್ಸಿಲ್ವೇನಿಯಾದಲ್ಲಿ ತಯಾರಾಗುವುದಿಲ್ಲ. ಕೆಂಟಕಿಯಲ್ಲಿ ಭಟ್ಟಿ ಇಳಿಯುತ್ತದೆ, ಆ ಕಂಪನಿಯ ಯಜಮಾನಿಕೆ 2014ರಿಂದ ಜಪಾನಿನ ಸನ್ಟೋರಿಯವರದು. ಮುದುಕನ ಮುಖ ಮಾತ್ರ ಹಾಗೆಯೇ ಉಳಿದಿದೆ.

ನಾನು ಮದ್ಯದ ರುಚಿ ಬಲ್ಲವನಲ್ಲ. ಬಲ್ಲೆನೆಂದು ಸೋಗು ಹಾಕಿದರೆ ಓದುಗರು ಎರಡೇ ವಾಕ್ಯದಲ್ಲಿ ಹಿಡಿದುಬಿಡುತ್ತಾರೆ. ನನ್ನ ಅಜ್ಞಾನ ಯಾವ ಮಟ್ಟದ್ದೆಂದರೆ, 'ರೈ ವಿಸ್ಕಿ' ಎಂಬ ಮಾತನ್ನು ಮೊದಲ ಸಲ ಓದಿದಾಗ ನನ್ನೊಳಗಿನ ಉರ್ದು ಶಾಲೆಯ ಹುಡುಗ ನೇರವಾಗಿ ಒಗ್ಗರಣೆ ಡಬ್ಬಿಯ ಕಡೆ ಓಡಿದ. ಉರ್ದುವಿನಲ್ಲಿ ರಾಯಿ ಎಂದರೆ ಸಾಸಿವೆ. ಸಾಸಿವೆಯಿಂದ ಹೆಂಡ ಇಳಿಸುವ ಜನರೂ ಇದ್ದಾರಲ್ಲ ಎಂದು ಬೆರಗಾಗಿದ್ದೆ. ಆಮೇಲೆ ತಿಳಿಯಿತು, ಈ ರೈ ಗೋಧಿ ಮತ್ತು ಬಾರ್ಲಿಯ ಬಳಗಕ್ಕೆ ಸೇರಿದ ಧಾನ್ಯ. ಚಳಿ ತಡೆಯುತ್ತದೆ, ಬಡ ಮಣ್ಣಿನಲ್ಲಿ ಬೆಳೆಯುತ್ತದೆ, ಜರ್ಮನಿಯಲ್ಲೂ ರಷ್ಯಾದಲ್ಲೂ ಬಡವರ ಕಪ್ಪು ರೊಟ್ಟಿ ಇದರದೇ. ಆದರೆ ಈ ಅಗ್ಗದ ಬಾಟಲಿಗಳ ಹಿಂದಿರುವ ಕತೆಗಳು ಕುಡಿಯದವನನ್ನೂ ಕೂರಿಸಿಕೊಳ್ಳುವಂಥವು. ಅವುಗಳಲ್ಲಿ ರೈತರಿದ್ದಾರೆ, ಗುಲಾಮರಿದ್ದಾರೆ, ಒಬ್ಬರ ನಂತರ ಒಬ್ಬರಂತೆ ಮೂವರು ಹಣಕಾಸು ಮಂತ್ರಿಗಳಿದ್ದಾರೆ.

ಮೊದಲು ವ್ಯತ್ಯಾಸ ಹೇಳಿಬಿಡುತ್ತೇನೆ. ಅಮೆರಿಕದ ಕಾನೂನಿನ ಪ್ರಕಾರ ನೆನೆಹಾಕುವ ಧಾನ್ಯದಲ್ಲಿ ಕನಿಷ್ಠ 51% ರೈ ಇದ್ದರೆ ಅದು ರೈ ವಿಸ್ಕಿ, ಕನಿಷ್ಠ 51% ಮುಸುಕಿನ ಜೋಳ ಇದ್ದರೆ ಬರ್ಬನ್. ಎರಡನ್ನೂ ಒಳಮೈ ಸುಟ್ಟ ಹೊಸ ಓಕ್ ಮರದ ಪಾತ್ರೆಯಲ್ಲಿಯೇ ಇಡಬೇಕು. ಬರ್ಬನ್‌ಗೆ ಬಣ್ಣ ಬೆರೆಸುವಂತಿಲ್ಲ, ಸುವಾಸನೆ ಸೇರಿಸುವಂತಿಲ್ಲ. ಇಷ್ಟು ಸರಳವಾಗಿ ಕಾಣುವ ಈ ನಿಯಮಕ್ಕೆ ಬರಲು ಆ ದೇಶಕ್ಕೆ ಸುಮಾರು ನೂರೈವತ್ತು ವರ್ಷ ಬೇಕಾಯಿತು.

ಅಮೆರಿಕ ಇನ್ನೂ ಬ್ರಿಟಿಷ್ ವಸಾಹತಾಗಿದ್ದಾಗ ಅಲ್ಲಿನ ಜನ ಕುಡಿಯುತ್ತಿದ್ದುದು ಹೆಚ್ಚಾಗಿ ರಮ್. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ ಕಾಕಂಬಿ ಹಡಗಿನಲ್ಲಿ ಬರುತ್ತಿತ್ತು. ಸ್ವಾತಂತ್ರ್ಯ ಯುದ್ಧ ಆ ದಾರಿಯನ್ನು ಕಡಿಯಿತು. ಆಗ ಒಳನಾಡಿನ ರೈತರು ತಮ್ಮ ಹೊಲದ ಧಾನ್ಯವನ್ನೇ ಭಟ್ಟಿಗೆ ಹಾಕಿದರು. ಪಶ್ಚಿಮ ಪೆನ್ಸಿಲ್ವೇನಿಯಾದ ಮೊನೊಂಗಹೇಲಾ ನದಿಯ ಕಣಿವೆಯಲ್ಲಿ ಅದು ರೈ. ಅಲ್ಲಿನ ರೈತನಿಗೆ ವಿಸ್ಕಿ ಮೋಜಿನ ವಸ್ತುವಾಗಿರಲಿಲ್ಲ, ಅದು ಅವನ ನಾಣ್ಯ. ಪೂರ್ವದ ಪೇಟೆಗೂ ಅವನ ಹೊಲಕ್ಕೂ ನಡುವೆ ಅಲೆಗೆನಿ ಬೆಟ್ಟಸಾಲು. ಹೇರುಕುದುರೆಯೊಂದು 4 ಬುಶೆಲ್, ಅಂದರೆ ಸುಮಾರು 100 ಕಿಲೋ, ಧಾನ್ಯ ಹೊರಬಲ್ಲದು. ಅದೇ ಧಾನ್ಯವನ್ನು ವಿಸ್ಕಿ ಮಾಡಿದರೆ ಅದೇ ಕುದುರೆ 24 ಬುಶೆಲ್‌ನಷ್ಟು ಬೆಳೆಯನ್ನು ಬೆಟ್ಟ ದಾಟಿಸುತ್ತಿತ್ತು. ಕೂಲಿ ವಿಸ್ಕಿಯಲ್ಲಿ, ಬಾಡಿಗೆ ವಿಸ್ಕಿಯಲ್ಲಿ, ಉಪ್ಪು ಮತ್ತು ಕಬ್ಬಿಣದ ಸಾಲವೂ ವಿಸ್ಕಿಯಲ್ಲಿ ತೀರುತ್ತಿತ್ತು. ಕೈಯಲ್ಲಿ ನಗದು ಎಂಬುದು ಅಪರೂಪ.

ಮೊದಲನೆಯ ಹಣಕಾಸು ಮಂತ್ರಿ ಇಲ್ಲಿ ಪ್ರವೇಶಿಸುತ್ತಾನೆ. ಅಲೆಕ್ಸಾಂಡರ್ ಹ್ಯಾಮಿಲ್ಟನ್. ಯುದ್ಧದ ಸಾಲ ತೀರಿಸಲು ಅವನು 1791ರಲ್ಲಿ ದೇಶದೊಳಗೆ ತಯಾರಾಗುವ ಮದ್ಯದ ಮೇಲೆ ಅಬಕಾರಿ ಸುಂಕ ಹಾಕಿದ. ಹೊಸ ರಾಷ್ಟ್ರದ ಸರ್ಕಾರ ತನ್ನದೇ ಜನರ ಉತ್ಪನ್ನದ ಮೇಲೆ ಹಾಕಿದ ಮೊದಲ ತೆರಿಗೆ ಇದು. ಸುಂಕವನ್ನು ನಗದಿನಲ್ಲೇ ಕಟ್ಟಬೇಕು. ಭಟ್ಟಿಯ ಗಾತ್ರಕ್ಕೆ ವರ್ಷಕ್ಕಿಷ್ಟು ಎಂದು ಒಟ್ಟಾಗಿ ಕಟ್ಟುವ ದಾರಿಯೂ ಇತ್ತು. ವರ್ಷವಿಡೀ ಭಟ್ಟಿ ಉರಿಸುವ ದೊಡ್ಡವನಿಗೆ ಅದು ಲಾಭ, ಸುಗ್ಗಿಯ ನಂತರ ನಾಲ್ಕು ವಾರ ಉರಿಸುವ ಸಣ್ಣವನಿಗೆ ನಷ್ಟ. ಕಟ್ಟದವನು ವಿಚಾರಣೆಗೆ ಬೆಟ್ಟ ದಾಟಿ ಸುಮಾರು 480 ಕಿಲೋಮೀಟರ್ ದೂರದ ಫಿಲಡೆಲ್ಫಿಯಾಕ್ಕೆ ಹೋಗಬೇಕು. ಹೋಗಿ ಬರುವಷ್ಟರಲ್ಲಿ ಬೆಳೆ ಹೋಯಿತೆಂದೇ ಲೆಕ್ಕ.

1794ರ ಜುಲೈನಲ್ಲಿ ಸಿಟ್ಟು ಸಿಡಿಯಿತು. ಆ ಪ್ರದೇಶದ ತೆರಿಗೆ ಮೇಲ್ವಿಚಾರಕ ಜಾನ್ ನೆವಿಲ್, ತಾನೂ ದೊಡ್ಡ ಭಟ್ಟಿಯ ಒಡೆಯ. ಬೋವರ್ ಹಿಲ್‌ನಲ್ಲಿದ್ದ ಅವನ ಮನೆಯನ್ನು ನೂರಾರು ಜನ ಮುತ್ತಿ ಸುಟ್ಟರು. ಮುತ್ತಿದವರ ನಾಯಕ ಜೇಮ್ಸ್ ಮೆಕ್‌ಫಾರ್ಲೇನ್, ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ್ದವನು, ಅಲ್ಲಿಯೇ ಗುಂಡು ತಗುಲಿ ಸತ್ತ. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಜನರ ಸೇನೆ ಕೂಡಿಸಿ, ಸ್ವಲ್ಪ ದೂರ ತಾನೇ ಮುಂದೆ ನಿಂತು ನಡೆಸಿದ. ಸೇನೆ ತಲುಪುವಷ್ಟರಲ್ಲಿ ಬಂಡಾಯಗಾರರು ಚದುರಿಹೋಗಿದ್ದರು. ಇಬ್ಬರಿಗೆ ದೇಶದ್ರೋಹದ ಶಿಕ್ಷೆಯಾಯಿತು, ಇಬ್ಬರಿಗೂ ಕ್ಷಮಾದಾನ ಸಿಕ್ಕಿತು. ಜೆಫರ್‌ಸನ್ ಅಧ್ಯಕ್ಷನಾದ ಮೇಲೆ, 1802ರಲ್ಲಿ, ಸುಂಕವೇ ರದ್ದಾಯಿತು.

ಈ ಕತೆಯ ಬಾಲದಲ್ಲೊಂದು ಮುಳ್ಳಿದೆ. ಅಧಿಕಾರ ಬಿಟ್ಟು ಮೌಂಟ್ ವರ್ನನ್ ಎಸ್ಟೇಟಿಗೆ ಮರಳಿದ ವಾಷಿಂಗ್ಟನ್ 1797ರಲ್ಲಿ ತಾನೇ ವಿಸ್ಕಿ ವ್ಯಾಪಾರಕ್ಕಿಳಿದ. ಜೇಮ್ಸ್ ಆಂಡರ್ಸನ್ ಎಂಬ ಸ್ಕಾಟ್ಲೆಂಡಿನ ಮೇಲ್ವಿಚಾರಕನ ಸಲಹೆ ಅದು. ಐದು ತಾಮ್ರದ ಹಂಡೆಗಳು. 60 ಪಾಲು ರೈ, 35 ಪಾಲು ಮುಸುಕಿನ ಜೋಳ, 5 ಪಾಲು ಮೊಳಕೆ ಬಾರ್ಲಿ. 1799ರಲ್ಲಿ ಸುಮಾರು 11,000 ಗ್ಯಾಲನ್ ಇಳಿಯಿತು. ಆ ಕಾಲಕ್ಕೆ ಅದು ದೇಶದ ಅತಿ ದೊಡ್ಡ ಭಟ್ಟಿಗಳಲ್ಲೊಂದು. ಕಟ್ಟಿಗೆ ಒಟ್ಟಿದವರು, ಹಿಟ್ಟು ಕಲಸಿದವರು, ರಾತ್ರಿಯೆಲ್ಲ ಉರಿ ಕಾಯ್ದವರು ಎಸ್ಟೇಟಿನ ಗುಲಾಮರು. ದಾಖಲೆಯಲ್ಲಿ ಆರು ಹೆಸರುಗಳಿವೆ: ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್, ಟಿಮೊಥಿ. ಮನೆತನದ ಹೆಸರಿಲ್ಲ. ಎಸ್ಟೇಟಿನ ಲೆಕ್ಕದಲ್ಲಿ ಗುಲಾಮನಿಗೆ ಅದು ಬೇಕಾಗಿರಲಿಲ್ಲ.

ಬೆಟ್ಟದಾಚೆ ಕೆಂಟಕಿಯಲ್ಲಿ ರೈಗಿಂತ ಮುಸುಕಿನ ಜೋಳ ಸೊಗಸಾಗಿ ಬರುತ್ತಿತ್ತು. ಆ ನೆಲದ ಮೂಲನಿವಾಸಿಗಳು ಬಿಳಿಯರಿಗೆ ಕಲಿಸಿದ ಬೆಳೆ ಅದು. ಸುಣ್ಣಕಲ್ಲಿನ ಪದರದಿಂದ ಬರುವ ನೀರಿನಲ್ಲಿ ಕಬ್ಬಿಣದ ಅಂಶ ಕಡಿಮೆ, ಭಟ್ಟಿಗೆ ಒಳ್ಳೆಯದು. ತಯಾರಾದದ್ದು ಓಹಾಯೋ ಮತ್ತು ಮಿಸಿಸಿಪ್ಪಿ ನದಿಗಳ ಮೇಲೆ ದೋಣಿಯಲ್ಲಿ ನ್ಯೂ ಆರ್ಲಿಯನ್ಸ್‌ಗೆ ಇಳಿಯುತ್ತಿತ್ತು. 1826ರಲ್ಲಿ ಲೆಕ್ಸಿಂಗ್ಟನ್ ಪಟ್ಟಣದ ಅಂಗಡಿಯವನೊಬ್ಬ ಭಟ್ಟಿಯ ಮಾಲೀಕನಿಗೆ ಬರೆದ ಕಾಗದ ಉಳಿದುಕೊಂಡಿದೆ. ಪೀಪಾಯಿಯ ಒಳಮೈಯನ್ನು ತೆಳ್ಳಗೆ ಸುಟ್ಟರೆ ರುಚಿ ಬಹಳ ಸುಧಾರಿಸುತ್ತದೆಯೆಂದು ಕೇಳಿದ್ದೇನೆ ಎಂಬುದು ಅದರ ತಾತ್ಪರ್ಯ. ಸುಟ್ಟ ಓಕ್‌ನಲ್ಲಿ ಮರದ ಸಕ್ಕರೆ ಕರಗಿ ಕಂದು ಪದರವಾಗುತ್ತದೆ. ಬೇಸಿಗೆಯ ಸೆಕೆಗೆ ವಿಸ್ಕಿ ಹಿಗ್ಗಿ ಮರದೊಳಗೆ ಹೋಗುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ. ಬಣ್ಣವೂ ವೆನಿಲ್ಲಾದಂಥ ವಾಸನೆಯೂ ಹೀಗೆ ಬರುವುದು. ಅಂದಹಾಗೆ ಭಟ್ಟಿಯ ಹಂಡೆಗೆ ಇಂಗ್ಲಿಷಿನವರು ಅಲೆಂಬಿಕ್ ಎನ್ನುತ್ತಾರೆ. ಅದು ನಮ್ಮ ಯುನಾನಿ ಹಕೀಮರು ಅರ್ಕ ಇಳಿಸುವ 'ಕರಾ ಅಂಬೀಕ್'ನ ಅಂಬೀಕೇ. ಅರಬ್ಬಿಯ 'ಅಲ್' ಅದರ ತಲೆಗೆ ಅಂಟಿಕೊಂಡಿದೆ. ಆಲ್ಕೊಹಾಲ್ ಕೂಡ ಅದೇ ಮನೆಯದು, ಮೂಲದಲ್ಲಿ ಕಣ್ಣಿಗೆ ಹಚ್ಚುವ ಸುರ್ಮಾದ ಹೆಸರು.

ಬರ್ಬನ್‌ನ ಪಿತಾಮಹ ಯಾರು? ಎಲೈಜಾ ಕ್ರೇಗ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ, 1789ರಲ್ಲಿ, ಎಂದು ಪ್ರಚಾರದ ಕತೆ. ಕ್ರೇಗ್ ನಿಜವಾಗಿ ಇದ್ದ, ಭಟ್ಟಿಯೂ ಇಟ್ಟಿದ್ದ. ಆದರೆ ಬರ್ಬನ್‌ನ್ನು ಅವನೇ ಕಂಡುಹಿಡಿದ ಎನ್ನಲು ಆಧಾರವಿಲ್ಲ. 1808ರಲ್ಲಿ ಅವನು ಸತ್ತು ಬಹಳ ಕಾಲದ ಮೇಲೆ ಹುಟ್ಟಿದ ಕತೆ ಅದು. ಪಾನನಿರೋಧ ಚಳವಳಿಯ ಪಾದ್ರಿಗಳು ಬಾಗಿಲು ಬಡಿಯುತ್ತಿದ್ದಾಗ, ನಮ್ಮ ಮೂಲಪುರುಷನೂ ಪಾದ್ರಿಯೇ ಎನ್ನುವುದು ವ್ಯಾಪಾರಿಗಳಿಗೆ ಅನುಕೂಲವಾಗಿತ್ತು. 1986ರಿಂದ ಅವನ ಹೆಸರಿನ ಬಾಟಲಿಯೇ ಇದೆ.

ಪಕ್ಕದ ಟೆನೆಸೀ ರಾಜ್ಯದಲ್ಲಿ ಪಾದ್ರಿಯ ಹೊಲವೊಂದು ನಿಜವಾಗಿಯೂ ಇತ್ತು. ಡ್ಯಾನ್ ಕಾಲ್ ಎಂಬ ಬೋಧಕನದು. ಅಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದವನು ನಿಯರೆಸ್ಟ್ ಗ್ರೀನ್ ಎಂಬ ಗುಲಾಮ. ಕೂಲಿಗೆ ಬಂದ ಬಿಳಿಯ ಹುಡುಗನೊಬ್ಬನಿಗೆ ಅವನು ಕೆಲಸ ಕಲಿಸಿದ. ಹುಡುಗನ ಹೆಸರು ಜ್ಯಾಕ್ ಡೇನಿಯಲ್. ಗುಲಾಮಗಿರಿ ಮುಗಿದ ಮೇಲೆ ಡೇನಿಯಲ್ ತನ್ನದೇ ಭಟ್ಟಿ ತೆರೆದಾಗ ನಿಯರೆಸ್ಟ್ ಅದರ ಮೊದಲ ಮೇಸ್ತ್ರಿಯಾದ. ಆಮೇಲೆ ಅವನ ಮಕ್ಕಳೂ ಅಲ್ಲಿಯೇ ದುಡಿದರು. ಇಪ್ಪತ್ತನೆಯ ಶತಮಾನದ ಆರಂಭದ ಒಂದು ಛಾಯಾಚಿತ್ರ ಇದೆ. ಬಿಳಿ ಟೋಪಿ ಹಾಕಿಕೊಂಡು ಜ್ಯಾಕ್ ಡೇನಿಯಲ್ ಕೂತಿದ್ದಾನೆ. ಅವನ ಪಕ್ಕದಲ್ಲೇ ಒಬ್ಬ ಕರಿಯ ಮನುಷ್ಯ. ನಿಯರೆಸ್ಟ್‌ನ ಮಗ ಜಾರ್ಜ್ ಗ್ರೀನ್ ಇರಬೇಕೆಂದು ನಂಬಲಾಗಿದೆ. ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಬಿಳಿಯರ ಸಮಕ್ಕೆ ಕೂರುವುದೇ ಅಪರಾಧವೆನಿಸಿದ್ದ ಕಾಲ ಅದು. ಕತೆ ಬರೆಯುವವನಾಗಿ ನಾನು ಆ ಚಿತ್ರವನ್ನು ಬಹಳ ಹೊತ್ತು ನೋಡಿದ್ದೇನೆ. ಒಂದು ಮಾತನ್ನೂ ಆಡದೆ ಅದು ಏನೋ ಒಪ್ಪಿಕೊಂಡಂತಿದೆ. ಲಿಂಚ್‌ಬರ್ಗ್ ಊರಿನವರಿಗೆ ಈ ವಿಷಯ ಮೊದಲಿನಿಂದಲೂ ಗೊತ್ತಿತ್ತು. ಕಂಪನಿ ಅದನ್ನು ಜಗತ್ತಿಗೆ ಎತ್ತಿ ಹೇಳಿದ್ದು ತನ್ನ 150ನೆಯ ವರ್ಷದಲ್ಲಿ, 2016ರಲ್ಲಿ.

ಇನ್ನು ರುಚಿಗೆ ಬರೋಣ. ಹೆವನ್ ಹಿಲ್ ಎಂಬ ಕೆಂಟಕಿಯ ಕಂಪನಿಯ ಎರಡು ಬಾಟಲಿಗಳಿವೆ: ಇವಾನ್ ವಿಲಿಯಮ್ಸ್‌ನ ಬಿಳಿ ಲೇಬಲ್ಲಿನ ಬರ್ಬನ್ ಮತ್ತು ರಿಟನ್‌ಹೌಸ್ ರೈ. ಎರಡೂ ಸಾಮಾನ್ಯವಾಗಿ 20ರಿಂದ 30 ಡಾಲರಿನೊಳಗೆ ಸಿಗುವಂಥವು. ಎರಡರಲ್ಲೂ ಆಲ್ಕೊಹಾಲ್ 50%, ಎರಡೂ ಕನಿಷ್ಠ ನಾಲ್ಕು ವರ್ಷ ಪೀಪಾಯಿಯಲ್ಲಿದ್ದವು. ಮುಖ್ಯ ವ್ಯತ್ಯಾಸ ಧಾನ್ಯದ್ದು. ಬರ್ಬನ್‌ನಲ್ಲಿ ರೈ ಸುಮಾರು 10%, ರಿಟನ್‌ಹೌಸ್‌ನಲ್ಲಿ 51%. ಬಲ್ಲವರು ಅಕ್ಕಪಕ್ಕ ಇಟ್ಟು ನೋಡಿ ಹೇಳುವುದು ಹೀಗೆ: ಬರ್ಬನ್ ಮೊದಲು ಸಿಹಿ, ಸುಟ್ಟ ಸಕ್ಕರೆ, ನಾಲಿಗೆಯ ನಡುವೆ ಮಂದವಾಗಿ ಕೂರುತ್ತದೆ. ರೈ ಒಣಕಲು, ಕಾಳುಮೆಣಸು ಲವಂಗದ ಚುರುಕು, ಒಂದಿಷ್ಟು ಹಸಿ ಹುಲ್ಲು, ಗಂಟಲಿನ ಕೊನೆಯಲ್ಲಿ ಕಾರ. ನಡುವೆ ನಿಲ್ಲುವುದು ಓಲ್ಡ್ ಗ್ರ್ಯಾಂಡ್-ಡ್ಯಾಡ್ ಎಂಬ ಬರ್ಬನ್. ಅದರಲ್ಲಿ ರೈ 27%ರಷ್ಟಿದೆ, ಸಿಹಿಯ ಬೆನ್ನಿಗೇ ಕಾರ ಬರುತ್ತದಂತೆ. ಇನ್ನೊಂದು ತುದಿಯಲ್ಲಿ ಮೇಕರ್ಸ್ ಮಾರ್ಕ್, ರೈ ತೆಗೆದು ಗೋಧಿ ಹಾಕಿದ್ದರಿಂದ ಮೆತ್ತಗೆ. 51% ಎಂಬುದು ಕಾನೂನಿನ ಹೊಸ್ತಿಲು ಮಾತ್ರ. ಕೆಂಟಕಿಯ ರೈಗಳು ಆ ಹೊಸ್ತಿಲ ಮೇಲೆಯೇ ಒಂದು ಕಾಲಿಟ್ಟು ನಿಂತಿವೆ, ಹೀಗಾಗಿ ಅವುಗಳಲ್ಲಿ ಬರ್ಬನ್‌ನ ಸಿಹಿ ಇಣುಕುತ್ತದೆ.

ಈ ಮೂರರ ಮೇಲೂ, ಇವಾನ್ ವಿಲಿಯಮ್ಸ್, ರಿಟನ್‌ಹೌಸ್ ಮತ್ತು ಗ್ರ್ಯಾಂಡ್-ಡ್ಯಾಡ್‌ನ ಒಂದು ಬಗೆಯ ಮೇಲೆ, 'ಬಾಟಲ್ಡ್ ಇನ್ ಬಾಂಡ್' ಎಂಬ ಮಾತಿದೆ. ಅದರ ಹಿಂದೆ ಎರಡನೆಯ ಹಣಕಾಸು ಮಂತ್ರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಬಡವ ವಿಸ್ಕಿಯೆಂದು ಕುಡಿದದ್ದರಲ್ಲಿ ಬಹುಪಾಲು ವಿಸ್ಕಿಯೇ ಆಗಿರಲಿಲ್ಲ. ಸಗಟು ವ್ಯಾಪಾರಿಗಳು ಬರಿಯ ಸ್ಪಿರಿಟ್‌ಗೆ ಸುಟ್ಟ ಸಕ್ಕರೆ, ಹಣ್ಣಿನ ರಸ, ಕ್ರಿಯೋಸೋಟ್, ಕೆಲವೊಮ್ಮೆ ಗಂಧಕಾಮ್ಲದಂಥದ್ದನ್ನೂ ಬೆರೆಸುತ್ತಿದ್ದರು. ಭಟ್ಟಿಯ ಹಂಗಿಲ್ಲದೆ ಮದ್ಯ ತಯಾರಿಸುವ ವಿಧಾನ ಹೇಳಿಕೊಡುವ ಪುಸ್ತಕವನ್ನು ಪಿಯರ್ ಲಾಕೂರ್ ಎಂಬಾತ 1853ರಲ್ಲೇ ಪ್ರಕಟಿಸಿದ್ದ. ನಿಜದ ಭಟ್ಟಿಯವರು ಬೊಬ್ಬೆ ಹಾಕಿದರು. ಅವರ ಮುಂದಾಳು ಕೆಂಟಕಿಯ ಇ. ಎಚ್. ಟೇಲರ್. ಅವನಿಗೆ ಬೆಂಬಲವಾಗಿ ನಿಂತವನು ಅದೇ ರಾಜ್ಯದ ಜಾನ್ ಕಾರ್ಲೈಲ್, ಆಗಿನ ಹಣಕಾಸು ಮಂತ್ರಿ. 1897ರ ಮಾರ್ಚ್ 3ರಂದು, ಆ ಸರ್ಕಾರದ ಅವಧಿ ಮುಗಿಯುವ ಹಿಂದಿನ ದಿನ, ಕಾನೂನು ಬಂತು. ಒಂದೇ ಭಟ್ಟಿಯಲ್ಲಿ, ಒಂದೇ ಹಂಗಾಮಿನಲ್ಲಿ ಇಳಿದಿರಬೇಕು. ಸರ್ಕಾರದ ಕಾವಲಿನ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ ಇರಬೇಕು. ಸರಿಯಾಗಿ 50% ಇರಬೇಕು. ಎಲ್ಲಿ ತಯಾರಾಯಿತೆಂದು ಬಾಟಲಿ ಹೇಳಬೇಕು. ಆಹಾರ ಶುದ್ಧತೆಯ ಕಾನೂನು ಬಂದದ್ದು ಇದಾದ ಒಂಬತ್ತು ವರ್ಷಕ್ಕೆ. ಅನ್ನ, ಹಾಲು, ಔಷಧಿಗಿಂತ ಮೊದಲು ಹೆಂಡಕ್ಕೆ ಶುದ್ಧಿಯ ಖಾತರಿ ಸಿಕ್ಕಿತು ಎಂದು ಯಾರಾದರೂ ಕೊಂಕು ನುಡಿದರೆ ನಾನು ವಾದಿಸಲಾರೆ.

ಬೆರಕೆಯವರು ಸೋಲೊಪ್ಪಲಿಲ್ಲ. 'ವಿಸ್ಕಿ ಎಂದರೆ ಏನು' ಎಂಬ ಪ್ರಶ್ನೆ ಅಧ್ಯಕ್ಷ ಟಾಫ್ಟ್‌ನ ಮೇಜಿನ ತನಕ ಹೋಯಿತು. 1909ರ ಡಿಸೆಂಬರಿನಲ್ಲಿ ಅವನು ತೀರ್ಪಿತ್ತ: ಧಾನ್ಯದ ಸ್ಪಿರಿಟ್ ಬೆರೆಸಿದ್ದೂ ವಿಸ್ಕಿಯೇ, ಆದರೆ ಬೆರಕೆಯೆಂದು ಬರೆಯಬೇಕು. ಕಾಕಂಬಿಯ ಸ್ಪಿರಿಟ್‌ಗೆ ಆ ಹೆಸರಿಲ್ಲ. ನಮ್ಮ ದೇಶದಲ್ಲಿ ವಿಸ್ಕಿಯೆಂದು ಮಾರಾಟವಾಗುವ ಅಗ್ಗದ ಮದ್ಯದಲ್ಲಿ ಹೆಚ್ಚಿನದು ಕಾಕಂಬಿಯ ಸ್ಪಿರಿಟ್ಟೇ. ಯುರೋಪು ಅದನ್ನು ವಿಸ್ಕಿಯೆಂದು ಒಪ್ಪದಿರುವುದೂ ಇದೇ ತರ್ಕದ ಮೇಲೆ.

ಮೂರನೆಯ ಹಣಕಾಸು ಮಂತ್ರಿಯ ಕತೆ ನನಗೆ ಅತ್ಯಂತ ರಂಜಕವೆನಿಸಿದ್ದು. 1920ರ ಜನವರಿಯಿಂದ ಅಮೆರಿಕದಲ್ಲಿ ಪಾನನಿರೋಧ ಜಾರಿಗೆ ಬಂತು. ಅಬ್ರಹಾಂ ಓವರ್‌ಹೋಲ್ಟ್‌ನ ಮೊಮ್ಮಗ, ಉಕ್ಕಿನ ದೊರೆ ಹೆನ್ರಿ ಕ್ಲೇ ಫ್ರಿಕ್. ಅವನ ಗೆಳೆಯ ಮತ್ತು ವಿಸ್ಕಿ ಕಂಪನಿಯಲ್ಲಿ ಪಾಲುದಾರ, ಬ್ಯಾಂಕರ್ ಆಂಡ್ರೂ ಮೆಲನ್. 1921ರಲ್ಲಿ ಮೆಲನ್ ಹಣಕಾಸು ಮಂತ್ರಿಯಾದ. ಪಾನನಿರೋಧ ಜಾರಿ ಮಾಡುವ ಇಲಾಖೆ ಹಣಕಾಸು ಮಂತ್ರಿಯ ಕೈಕೆಳಗೇ ಇತ್ತು. ದೇಶದಲ್ಲಿ ಹೆಂಡ ಹಿಡಿಯುವ ಪೇದೆಗಳ ದೊಡ್ಡ ಯಜಮಾನನೇ ಹೆಂಡದ ಕಂಪನಿಯ ಪಾಲುದಾರ! ಓವರ್‌ಹೋಲ್ಟ್‌ಗೆ ಔಷಧಿಯ ವಿಸ್ಕಿ ಮಾರುವ ಪರವಾನಗಿಯೂ ಇತ್ತು. ವೈದ್ಯರ ಚೀಟಿ ತೋರಿಸಿದರೆ ಹತ್ತು ದಿನಕ್ಕೊಂದು ಪಿಂಟ್. ಕೊನೆಗೆ 1925ರಲ್ಲಿ ಕಂಪನಿ ಬೇರೆಯವರ ಕೈಗೆ ಹೋಯಿತು.

ಪಾನನಿರೋಧ 1933ರ ಡಿಸೆಂಬರ್ 5ರಂದು ಮುಗಿದಾಗ ರೈಗೆ ಮೇಲೇಳುವ ಶಕ್ತಿ ಉಳಿದಿರಲಿಲ್ಲ. ಜೋಳ ಅಗ್ಗ, ಕೆಲಸಕ್ಕೂ ಸುಲಭ. ರೈ ಹಿಟ್ಟು ಹಂಡೆಯಲ್ಲಿ ಅಂಟಂಟಾಗಿ ನೊರೆಯುಕ್ಕುತ್ತದೆ. ಆ ಹದಿಮೂರು ವರ್ಷ ಗಡಿಯಾಚೆಯ ಕೆನಡಾದ ಹಗುರ ವಿಸ್ಕಿಗೆ ಜನರ ನಾಲಿಗೆ ಪಳಗಿತ್ತು. ಡೆಟ್ರಾಯಿಟ್ ನದಿಯ ಈಚೆ ದಡದಲ್ಲಿ ನಿಂತರೆ ಆಚೆ ವಿಂಡ್ಸರ್‌ನಲ್ಲಿ ಹೈರಾಂ ವಾಕರ್‌ನ ಕಾರ್ಖಾನೆ ಕಾಣುತ್ತಿತ್ತು. ದಾಟುವುದಕ್ಕೆ ದೋಣಿ ಸಾಕು. ಕೆನಡಾದಲ್ಲಿ ಇಂದಿಗೂ 'ರೈ' ಎಂದರೆ ಸುಮ್ಮನೆ ವಿಸ್ಕಿ. ಅಲ್ಲಿನ ಕಾನೂನಿನಲ್ಲಿ 'ಕೆನಡಿಯನ್ ವಿಸ್ಕಿ' ಮತ್ತು 'ಕೆನಡಿಯನ್ ರೈ ವಿಸ್ಕಿ' ಎರಡಕ್ಕೂ ಒಂದೇ ವ್ಯಾಖ್ಯೆ, ಅದರಲ್ಲಿ ರೈ ಧಾನ್ಯ ಇಷ್ಟಿರಬೇಕೆಂಬ ಲೆಕ್ಕವೇ ಇಲ್ಲ. ಹಳೆಯ ಪೀಪಾಯಿ ಬಳಸಬಹುದು, ಕ್ಯಾರಮೆಲ್ ಬಣ್ಣ ಸೇರಿಸಬಹುದು. ಹೆಚ್ಚಿನವು ಜೋಳದವು. ಆದರೆ ಇದೇ ದೇಶದಲ್ಲಿ ಆಲ್ಬರ್ಟಾ ಪ್ರೀಮಿಯಂ ಎಂಬ ಅಗ್ಗದ ಬಾಟಲಿಯೊಂದು ನೂರಕ್ಕೆ ನೂರು ರೈನಿಂದ ತಯಾರಾಗುತ್ತದೆ. ಹೆಸರಿನಲ್ಲಿ ರೈ ಇದ್ದೂ ಒಳಗೆ ಇಲ್ಲದ ಬಾಟಲಿಗಳ ಪಕ್ಕದಲ್ಲಿ, ಪೂರ್ತಿ ರೈ ಆಗಿದ್ದೂ ಸದ್ದು ಮಾಡದೆ ಅದು ನಿಂತಿರುತ್ತದೆ.

1964ರ ಮೇನಲ್ಲಿ ಅಮೆರಿಕದ ಸಂಸತ್ತು ಬರ್ಬನ್‌ನ್ನು ತನ್ನ ದೇಶದ ವಿಶಿಷ್ಟ ಉತ್ಪನ್ನವೆಂದು ಘೋಷಿಸಿತು. ವಾಷಿಂಗ್ಟನ್ ಇಳಿಸಿದ ರೈಯನ್ನು ಯಾರೂ ನೆನೆಯಲಿಲ್ಲ. 1987ರಲ್ಲಿ ಓವರ್‌ಹೋಲ್ಟ್‌ನ ಹೆಸರು ಕೆಂಟಕಿಯ ಜಿಮ್ ಬೀಮ್ ಕಂಪನಿಯ ಪಾಲಾಯಿತು. ಪೆನ್ಸಿಲ್ವೇನಿಯಾದ ಹಳೆಯ ಭಟ್ಟಿಗಳ ಉರಿ 1990ರ ಹೊತ್ತಿಗೆ ಆರಿಹೋಗಿತ್ತು. 2000ದ ದಶಕದಲ್ಲಿ ರೈಗೆ ಮತ್ತೆ ಬೇಡಿಕೆ ಬಂದಾಗ ಹಳ್ಳಿ, ಅಜ್ಜ, ಗುಪ್ತ ಪಾಕವಿಧಾನ ಎಂದೆಲ್ಲ ಕತೆ ಹೊತ್ತ ದುಬಾರಿ ಬಾಟಲಿಗಳು ಸಾಲುಗಟ್ಟಿದವು. ಅವುಗಳಲ್ಲಿ ಅನೇಕದರ ಒಳಗಿದ್ದದ್ದು ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗ್‌ನ ಒಂದೇ ದೊಡ್ಡ ಕಾರ್ಖಾನೆಯಲ್ಲಿ ಇಳಿದ, 95% ರೈ ಇರುವ ವಿಸ್ಕಿ. ಅದು ಒಳ್ಳೆಯದೇ ಎನ್ನುತ್ತಾರೆ ಬಲ್ಲವರು. ಅಜ್ಜನ ಕತೆಗೂ ಅದಕ್ಕೂ ಸಂಬಂಧವಿಲ್ಲ ಅಷ್ಟೇ. ಇಪ್ಪತ್ತು ಡಾಲರಿನ ಬಾಂಡೆಡ್ ಬಾಟಲಿಯ ಹಿಂದುಗಡೆ ಮಾತ್ರ ಸಣ್ಣ ಅಕ್ಷರದಲ್ಲಿ ಭಟ್ಟಿಯ ನೋಂದಣಿ ಸಂಖ್ಯೆ ಇರುತ್ತದೆ. ರಿಟನ್‌ಹೌಸ್ ಎಂಬುದು ಫಿಲಡೆಲ್ಫಿಯಾದ ಚೌಕವೊಂದರ ಹೆಸರು, ಸಂಖ್ಯೆ ಹೇಳುವುದು ಕೆಂಟಕಿಯೆಂದು.

ಮೌಂಟ್ ವರ್ನನ್‌ನ ಭಟ್ಟಿ 1814ರಲ್ಲಿ ಸುಟ್ಟುಹೋಗಿತ್ತು. ಅದೇ ಅಡಿಪಾಯದ ಮೇಲೆ ಮತ್ತೆ ಕಟ್ಟಿ 2007ರಲ್ಲಿ ತೆರೆದರು. ಹಳೆಯ ಲೆಕ್ಕದಂತೆಯೇ 60 ಪಾಲು ರೈ ಹಾಕಿ, ಸೌದೆ ಒಲೆಯ ಮೇಲೆ, ವರ್ಷಕ್ಕೆ ಸ್ವಲ್ಪವೇ ಇಳಿಸುತ್ತಾರೆ. ಅದರ ಬೆಲೆ ಅಗ್ಗದ ಸಾಲಿನದಲ್ಲ. ಬಾಟಲಿಯ ಮೇಲೆ ಇರುವುದು ಜಾರ್ಜ್ ವಾಷಿಂಗ್ಟನ್‌ನ ಹೆಸರು.